ಕೆಮ್ಮಿಗೆ ದನಿಯಿದೆ, ಮಾತಿಗಿಲ್ಲ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ಎಕ್ಸ್‌ರೇ ವಿಭಾಗದ ಪಕ್ಕದಲ್ಲಿದ್ದ ಮನಶ್ಶಾಸ್ತ್ರಜ್ಞೆಯ ಕೋಣೆಗೆ ತಾವು ಬೀಗ ಹಾಕಿಸಿದ್ದೀರಿ. ಅಲ್ಲಿಗೆ ಬರುವವರಿಗೆ ಕಾಯಿಲೆಯೇ ಇಲ್ಲವೆಂದು ಆದೇಶದಲ್ಲಿ ಅಪ್ಪಣೆ ಕೊಡಿಸಿದ್ದೀರಿ. ಈಗ ಅಲ್ಲಿ ಕಾಲು ಮುರಿದ ಸ್ಟ್ರೆಚರುಗಳಿವೆ. ಅವುಗಳ ಕಾಯಿಲೆ ಕಣ್ಣಿಗೆ ಕಾಣುತ್ತದೆ ನೋಡಿ, ಹಾಗಾಗಿ ಜಾಗ ಸಿಕ್ಕಿತು.

ನನ್ನ ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ವೇಳೆ ಹೇಳುವವಳು. ಮನೆಯಲ್ಲಿ ಅವಳಿಗೆ ರೇಡಿಯೊ ಎಂದೇ ಹೆಸರು. ಅವಳು ನನ್ನನ್ನು ಬೈದರೆ ಬೀದಿಯ ತುದಿಯವರು ಬಂದು ನನಗೆ ಸಮಾಧಾನ ಹೇಳಿದ್ದುಂಟು. ಆ ದನಿ ಒಂದು ಬೆಳಿಗ್ಗೆ ಬರಲೇ ಇಲ್ಲ. ತುಟಿ ಆಡುತ್ತದೆ, ಉಸಿರು ಬರುತ್ತದೆ, ಅಷ್ಟೇ. ಆಸ್ಪತ್ರೆಯ ಗಂಟಲು ತಜ್ಞರು ಕ್ಯಾಮೆರಾ ಇಳಿಸಿ ನೋಡಿದರು, ಸ್ಕ್ಯಾನ್ ಮಾಡಿಸಿದರು, ಏನೂ ಇಲ್ಲ ಎಂದರು. ಏನೂ ಇಲ್ಲದವಳಿಗೆ ಮಾತು ಮಾತ್ರ ಬರುತ್ತಿರಲಿಲ್ಲ.

ರಜೆಗಾಗಿ ವೈದ್ಯಕೀಯ ಮಂಡಳಿಯ ಮುಂದೆ ನಿಂತಾಗ ಅವಳು ಕೆಮ್ಮಿದಳು. ಕೆಮ್ಮಿಗೆ ದನಿಯಿತ್ತು. ಅಲ್ಲಿಗೆ ಕಥೆ ಮುಗಿಯಿತು.

"ಕೆಮ್ಮೋಕೆ ಬರುತ್ತೆ, ಮಾತಾಡೋಕೆ ಬರಲ್ವಾ? ನಾಟಕ ಸಾಕಮ್ಮ" ಎಂದರು ಮಂಡಳಿಯ ಹಿರಿಯರು. ರಜೆ ಇಲ್ಲವಾಯಿತು, ಕೆಲಸವೂ ಇಂದೋ ನಾಳೆಯೋ ಎನ್ನುವಂತಿದೆ.

ಅದೇ ಕೆಮ್ಮನ್ನು ಕೇಳಿ ಮನಶ್ಶಾಸ್ತ್ರಜ್ಞೆ ಹೇಳಿದ್ದು ಬೇರೆ: "ದನಿ ಎಲ್ಲೂ ಹೋಗಿಲ್ಲ. ನೀವು ಬೇಕಂತ ತಡೆದಿಲ್ಲ, ಅದಾಗೇ ನಿಂತಿದೆ. ಯಾಕೆ ಅಂತ ನಿಧಾನವಾಗಿ ನೋಡೋಣ."

ಆ ಕಾರಣವನ್ನು ಅಕ್ಕ ಪಿಸುದನಿಯಲ್ಲಿ ಹೇಳಿಕೊಳ್ಳಲು ವಾರಗಳೇ ಹಿಡಿದವು. ದನಿ ನಿಲ್ಲುವ ಹಿಂದಿನ ತಿಂಗಳು ಸೇತುವೆಯ ಬಳಿ ಬಸ್ಸೊಂದು ಉರುಳಿತ್ತು. ಮೈಕಿನವರು ಮೇಲಿನವರು ಕೊಟ್ಟ ವಾಕ್ಯ ಬಿಟ್ಟು ಒಂದಕ್ಷರ ಹೆಚ್ಚು ಹೇಳುವಂತಿಲ್ಲ. ಗದ್ದಲವಾಗದಿರಲೆಂದು ಕೊಟ್ಟ ವಾಕ್ಯ, ಬಸ್ಸು ತಡವಾಗಿ ಬರಲಿದೆ ಎಂದು. ಎಲ್ಲ ಗೊತ್ತಿದ್ದೂ ಅಕ್ಕ ಸಂಜೆಯವರೆಗೆ ಅದನ್ನೇ ಹೇಳಿದಳು. ಹೆಂಡತಿಗಾಗಿ ಕಾಯುತ್ತಿದ್ದ ಮುದುಕರೊಬ್ಬರು ಬೆಂಚಿನಲ್ಲಿ ಪಕ್ಕದ ಜಾಗಕ್ಕೆ ಟವೆಲ್ ಹಾಸಿ, ಯಾರಿಗೂ ಬಿಡದೆ ಕೂತಿದ್ದರಂತೆ. ಅಕ್ಕ ಹೇಳಿದಾಗಲೆಲ್ಲ ಅವಳ ಮೈಕಿನ ಕೋಣೆಯ ಗಾಜಿನ ಕಡೆ ನೋಡಿ, ಸರಿಯಮ್ಮ ಎನ್ನುವಂತೆ ತಲೆಯಾಡಿಸುತ್ತಿದ್ದರಂತೆ. ನಮ್ಮವರು ಯಾರೂ ಆ ಬಸ್ಸಿನಲ್ಲಿರಲಿಲ್ಲ, ಹಾಗಾಗಿ ನಮಗ್ಯಾರಿಗೂ ಇದು ಹೊಳೆಯಲಿಲ್ಲ.

ಇದನ್ನು ಯಾವ ಕ್ಯಾಮೆರಾ ಹಿಡಿದೀತು ಸ್ವಾಮಿ? ಮನಸ್ಸಿನಿಂದ ಬಂದದ್ದೆಂದರೆ ಸುಳ್ಳೆಂದು ಅರ್ಥವೇ? ಮೇಲಧಿಕಾರಿಗಳು ತಪಾಸಣೆಗೆ ಬಂದ ದಿನ ತಮ್ಮ ಬಾಯಿ ಒಣಗುವುದಿಲ್ಲವೇ? ಅದಕ್ಕೂ ಸ್ಕ್ಯಾನ್ ಮಾಡಿಸುತ್ತೀರಾ?

ಮನಶ್ಶಾಸ್ತ್ರಜ್ಞೆ ಮೇಡಂ ಅಕ್ಕನನ್ನು ಕೆಮ್ಮಿನಿಂದ ಗುನುಗಿಗೆ, ಗುನುಗಿನಿಂದ ಅಕ್ಷರಕ್ಕೆ ನಡೆಸಿಕೊಂಡು ಬಂದಿದ್ದರು. ಆಮೇಲೆ, ಆ ದಿನ ಹೇಳಬೇಕಿದ್ದು ಹೇಳಲಾಗದ ಮಾತನ್ನೇ ಹೇಳಿಸತೊಡಗಿದರು. ಕೊನೆಯ ಭೇಟಿಯಲ್ಲಿ "ಬಸ್ಸು" ಎಂಬಷ್ಟು ಮಾತ್ರ ದನಿಯಲ್ಲಿ ಬಂತು. ಹೊರಗೆ ಕೂತಿದ್ದ ನನಗೂ ಕೇಳಿಸಿತು, ನಾನು ಅತ್ತುಬಿಟ್ಟೆ. ಮುಂದಿನ ವಾರ ಹೋದರೆ ಬೀಗ.

ಜಗಳಕ್ಕೆಂದು ಬರೆಯುತ್ತಿಲ್ಲ, ಜಗಳವಾಡುವ ತ್ರಾಣವೂ ಉಳಿದಿಲ್ಲ. ಬೀಗ ತೆಗೆಸಿ. ಸ್ಟ್ರೆಚರುಗಳನ್ನು ಬೇರೆಡೆ ಇಡಿಸಿ, ಮೊದಲು ಅಲ್ಲಿದ್ದ ಎರಡು ಕುರ್ಚಿಗಳನ್ನು ಮತ್ತೆ ಹಾಕಿಸಿ, ಮೇಡಂ ಅವರನ್ನು ಕರೆಸಿ. "ಬಸ್ಸು" ಆಗಿದೆ, "ಬರೋದಿಲ್ಲ" ಎನ್ನುವುದು ಬಾಕಿ ಇದೆ. ಅಷ್ಟನ್ನು ಹೇಳಿ ಮುಗಿಸಲು ನನ್ನ ಅಕ್ಕನಿಗೊಂದು ಜಾಗ ಕೊಡಿ.

ಇಂತಿ,
ಬೈಸಿಕೊಳ್ಳಲು ಕಾದು ಕೂತಿರುವ ಒಬ್ಬ ತಮ್ಮ