ಯಮನೂರಮ್ಮನ ಕಲ್ಲು ಮತ್ತು ಮೂರೂವರೆ ಅಡಿ ನೀರು

ಮಾನ್ಯ ಕಾಲುವೆ ಇಂಜಿನಿಯರ್ ಸಾಹೇಬರೇ,

ತಾವು ನನ್ನನ್ನು ಅಮಾನತು ಮಾಡಿ ಹದಿನಾಲ್ಕು ತಿಂಗಳಾಯಿತು. ವಿಚಾರಣೆ ಮುಗಿಯುವವರೆಗೆ ಮುಖ್ಯಸ್ಥಾನ ಬಿಡಕೂಡದೆಂದು ಆಜ್ಞೆಯಾಯಿತು. ವಿಚಾರಣೆ ಮಾತ್ರ ಇಂದಿಗೂ ಶುರುವಾಗಿಲ್ಲ. ಮುಖ್ಯಸ್ಥಾನವೆಂದರೆ ದಢೇಸುಗೂರಿನಾಚೆ ಕಾಲುವೆ ದಂಡೆಯ ಮೇಲಿರುವ ಒಂದು ತಗಡಿನ ಕೋಣೆ. ಬಿಟ್ಟು ಹೋದರೆ ನೌಕರಿ ಹೋಗುತ್ತದೆ, ಕೂತೇ ಇದ್ದರೆ ತಲೆ ಕೆಡುತ್ತದೆ. ಅತ್ತ ದರಿ, ಇತ್ತ ಪುಲಿ.

ತಪ್ಪು ನನ್ನದಲ್ಲವೆಂದು ವಾದಿಸಲು ಈ ಪತ್ರ ಬರೆಯುತ್ತಿಲ್ಲ. ಬೆಳಿಗ್ಗೆ ಏಳಕ್ಕೆ ಮೆಟ್ಟಿಲಿಳಿದು, ನೀರಿನಲ್ಲಿ ನಿಲ್ಲಿಸಿದ ಅಳತೆಯ ಹಲಗೆ ನೋಡಿ, ಎಷ್ಟು ಅಡಿ ನೀರಿದೆಯೆಂದು ಬರೆಯುವುದು, ಹೆಚ್ಚಾಗಿದ್ದರೆ ಮೇಲಿನ ಗೇಟು ಇಳಿಸಲು ಸುದ್ದಿ ಮುಟ್ಟಿಸುವುದು ನನ್ನ ಕೆಲಸ. ಮೊದಲೆರಡು ವರ್ಷ ಇಳಿದೆ. ಆಮೇಲೆ ಜಾಣನಾದೆ. ಎದುರಿಗೆ ಯಮನೂರಮ್ಮ ದಿನಾ ಬಟ್ಟೆ ಒಗೆಯುತ್ತಿದ್ದಳು. ಅವಳ ಕಲ್ಲಿನ ಬುಡಕ್ಕೆ ನೀರು ತಾಗಿದರೆ ಮೂರೂವರೆ ಅಡಿ ಎಂಬುದು ನನಗೆ ಕಂಠಪಾಠ. ಬಾಗಿಲಲ್ಲಿ ಚಹಾ ಕುಡಿಯುತ್ತಲೇ ಬರೆದುಬಿಡುತ್ತಿದ್ದೆ. ಒಂಬತ್ತು ವರ್ಷ ಒಂದು ದಿನವೂ ಸುಳ್ಳಾಗಲಿಲ್ಲ. ಇಷ್ಟಾದ ಮೇಲೆ ಯಾರಿಗೆ ತಾನೇ ಸೊಕ್ಕು ಬರುವುದಿಲ್ಲ?

ಹೋದ ವರ್ಷ ಶ್ರಾವಣದ ಒಂದು ಬೆಳಿಗ್ಗೆಯೂ ಕಲ್ಲಿನ ಬುಡಕ್ಕೆ ನೀರಿತ್ತು. ಮೂರೂವರೆ ಎಂದು ಬರೆದೆ. ಮಧ್ಯಾಹ್ನಕ್ಕೆ ದಂಡೆ ಒಡೆದು ಯಮನೂರಮ್ಮನ ಮನೆಯ ಗೋಡೆಯೇ ಬಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ, ಅಲ್ಲಾಹನ ದಯೆ. ಕೆಸರಿನಲ್ಲಿ ನಿಂತು ಅವಳು ಕೇಳಿದಳು:

"ನೀರು ಏರಿತ್ತೋ ಸಾಬಣ್ಣ, ಅದಕ್ಕ ಕಲ್ಲು ಮ್ಯಾಲ ಎಳಕೊಂಡಿದ್ನಿ. ಅಳತಿ ನೋಡಾಕ ನಿನಗ ಸರಕಾರ ಹಲಗಿ ಕೊಟ್ಟೈತಿ, ನೀ ನನ್ನ ಕಲ್ಲು ಯಾಕ ನೋಡಿದಿ?"

ಅವಳ ಗೋಡೆಗೆ ಮಣ್ಣು ಕಲಸಿ ಹೊತ್ತೆ. ಆದರೂ ಆ ಮಾತು ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ.

ಈಗ ತಮ್ಮ ವಿಷಯ. ನೀರಿನ ಅಳತೆಗಳನ್ನು ಪಟ್ಟಿ ಮಾಡಿದ ತಿಂಗಳ ತಖ್ತೆಯ ಒಂದು ಪ್ರತಿ ಈ ಕೋಣೆಗೆ ಬರುವುದು ವಾಡಿಕೆ. ನನ್ನನ್ನು ಕೆಲಸದಿಂದ ಇಳಿಸಿದ್ದೀರಿ, ಬದಲಿಗೆ ಯಾರನ್ನೂ ಹಾಕಿಲ್ಲ. ಆದರೂ ತಖ್ತೆಯಲ್ಲಿ ನನ್ನ ಜಾಗದ ಅಳತೆ ತಪ್ಪದೆ ಬರುತ್ತಿದೆ: ಮೂರೂವರೆ ಅಡಿ. ಬೇಸಿಗೆಯಲ್ಲಿ ದುರಸ್ತಿಗೆಂದು ತಾವೇ ಕಾಲುವೆ ಬಂದ್ ಮಾಡಿಸಿದಿರಿ. ತಳದಲ್ಲಿ ಆಡು ಮೇಯುತ್ತಿದ್ದವು. ಆ ತಿಂಗಳೂ ಮೂರೂವರೆ ಅಡಿ, ಕೆಳಗೆ ತಮ್ಮ ದಸ್ತಕತ್ತು! ತಖ್ತೆ ತಂದ ತಮ್ಮ ಜವಾನ ಅಂಬಪ್ಪನಿಗೆ ಒಣಗಿದ ಕಾಲುವೆ ತೋರಿಸಿದೆ. ಅವನು ನಕ್ಕ: "ಸಾಹೇಬ್ರು ಓದಿ ಸಹಿ ಮಾಡತಾರ ಅಂದಿ ಏನು? ಅವರ ಕೈಗೆ ರೂಢಿ ಆಗೇತಿ."

ನಾನು ಕಲ್ಲನ್ನಾದರೂ ನೋಡುತ್ತಿದ್ದೆ, ಸಾಹೇಬರೇ. ತಾವು ಏನನ್ನು ನೋಡುತ್ತೀರಿ? ನನ್ನ ನಾಲ್ಕು ಅರ್ಜಿಗಳಿಗೂ ಬಂದ ಉತ್ತರ ಒಂದೇ: "ವಿಷಯ ಪರಿಶೀಲನೆಯಲ್ಲಿದೆ." ಅದೂ ಕೈಯ ರೂಢಿಯೇ ಇರಬೇಕು.

ದಂಡೆ ಒಡೆದ ವಾರವೇ ಮುದಗಲ್ಲಿನಲ್ಲಿ ನನ್ನ ಮಗಳು ಗುಲ್ಷನ್‌ಬೀ ಹೆತ್ತಳು. ಬಾಣಂತನಕ್ಕೆ ಹೋದ ನನ್ನ ಹೆಂಡತಿ ಅಲ್ಲೇ ಉಳಿದಿದ್ದಾಳೆ. ಆ ಮಗುವನ್ನು ನಾನಿನ್ನೂ ನೋಡಿಲ್ಲ. ಮೊನ್ನೆ ಅಲ್ಲಿಂದ ಬಂದ ಬಳೆಗಾರ ಆದಪ್ಪ ಹೇಳಿದ: "ಸಾಬ್ರ, ನಿಮ್ಮ ಮೊಮ್ಮಗ ಓಡ್ಯಾಡಾಕತ್ಯಾನ. ಗಡ್ಡದಾವರು ಯಾರ ಬಂದ್ರೂ ಅಜ್ಜ ಅನ್ಕೊಂಡು 'ನಾನಾ, ನಾನಾ' ಅಂತ ಹೋಗಿ ಕಾಲು ಹಿಡಕೋತಾನ." ಅವನು ನಗಿಸಲೆಂದೇ ಹೇಳಿದ್ದು. ಕೋಣೆಯೊಳಗೆ ಹೋಗಿ ಅತ್ತೆ.

ಕ್ಷಮೆ ಕೇಳುತ್ತಿಲ್ಲ. ನನಗೆ ಶಿಕ್ಷೆ ಕೊಡಿ. ಕೆಲಸದಿಂದ ತೆಗೆಯಿರಿ, ಬೇಕಾದರೆ ಜೈಲಿಗೆ ಕಳಿಸಿ. ಜೈಲಿಗಾದರೆ ಬಿಡುಗಡೆಯ ತಾರೀಖು ಇರುತ್ತದೆ. ಆ ತಾರೀಖನ್ನು ಮುದಗಲ್ಲಿಗೆ ಬರೆದು ಕಳಿಸಬಹುದು.

ಇಂತಿ,
ಅಪ್ಪಣೆಯ ಪ್ರಕಾರ ಎಲ್ಲಿಗೂ ಹೋಗದ,
ಬಂದೇಸಾಬ