ಪಕ್ಕದ ಮನೆಯ ಬಾವುಟಕ್ಕೆ ಕಟ್ಟಿದ ಚೀಲ

ಜೂನ್ 15
(ಊರಿನ ಹೆಸರು ಬರೆಯುವಂತಿಲ್ಲ)

ಪ್ರೀತಿಯ ರಿನ್ಸ್ಕೆ ಅಕ್ಕ,

ಹೇಗಿದ್ದೀ? ಭಾವ ಹೇಗಿದ್ದಾರೆ? ನಿಮ್ಮ ದ್ವೀಪದ ಗಾಳಿ ಈ ವರ್ಷವಾದರೂ ಕುರಿಗಳನ್ನು ನೆಟ್ಟಗೆ ನಿಲ್ಲಲು ಬಿಟ್ಟಿದೆಯೇ? ತಿಂಗಳುಗಟ್ಟಲೆ ಕಾಗದ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀ. ಬೈದುಕೋ, ತಪ್ಪಿಲ್ಲ. ಇದನ್ನೂ ಪೊಲೀಸರ ಕೈಯಲ್ಲೇ ಕೊಡುತ್ತಿದ್ದೇನೆ. ಬೇರೆ ಯಾವುದೋ ಊರಿನ ಅಂಚೆಡಬ್ಬಿಗೆ ಹಾಕುತ್ತಾರಂತೆ.

ಮೊದಲು ಸಿಹಿ ಸುದ್ದಿ. ನಮ್ಮ ಫೆನ್ನ ಶಾಲೆಯ ಕೊನೆಯ ಪರೀಕ್ಷೆ ಪಾಸಾದಳು! ಫೇಲಾದವರಿಗೆ ಮೇಷ್ಟ್ರು ಮೊದಲು ಫೋನ್ ಮಾಡುತ್ತಾರಲ್ಲ, ಮಧ್ಯಾಹ್ನದವರೆಗೆ ಫೋನ್ ಬಾರದಿರಲಿ ಎಂದು ತಾಯಿ ಮಗಳು ಕೈ ಹಿಡಿದು ಕೂತಿದ್ದೆವು. ಎಷ್ಟೋ ಕಾಲದ ಮೇಲೆ ಎಲ್ಲರ ಹಾಗೆ ಹೆದರಿದ ದಿನ ಅದು.

ಸಂಜೆಯ ಹೊತ್ತಿಗೆ ವಾಡಿಕೆಯಂತೆ ಬೀದಿಯಲ್ಲೆಲ್ಲ ಬಾವುಟ, ಕೋಲಿನ ತುದಿಗೆ ಪಾಸಾದ ಮಕ್ಕಳ ಶಾಲೆಯ ಚೀಲ.

"ನಮ್ದು ಯಾವಾಗಮ್ಮ ಕಟ್ಟೋದು?" ಎಂದಳು ಫೆನ್ನ.

ನಮ್ಮ ಕಾವಲಿಗಿರುವ ಪೊಲೀಸ್ ವಿಮ್ ತಲೆಯಲ್ಲಾಡಿಸಿದ. "ಈ ಮನೇಲಿ ಹದಿನೆಂಟರ ಹುಡುಗಿ ಇದಾಳೆ ಅಂತ ಡಂಗುರ ಸಾರಿದ ಹಾಗಾಗುತ್ತೆ ಮೇಡಂ. ಬೇಡ."

ನಾನೂ ಬೇಡವೆಂದೆ. ಅವಳು ಊಟ ಬಿಟ್ಟು ಮಲಗಿದಳು.

ಇಪ್ಪತ್ತು ವರ್ಷ ಹೇಗ್ ನಗರದಲ್ಲಿ ವರದಿಗಾರ್ತಿಯಾಗಿ ಮಂತ್ರಿಗಳ ಬೆನ್ನು ಹತ್ತಿದವಳು ನಾನು. ಒಬ್ಬನ ಕುರ್ಚಿಯನ್ನೂ ಉರುಳಿಸಿದೆ. ಅವರು ಹೆಚ್ಚೆಂದರೆ ವಕೀಲರನ್ನು ಕಳಿಸುತ್ತಿದ್ದರು. ಬಂದರಿನ ಕೊಕೇನ್ ದಂಧೆಗೂ ರಾಜಕಾರಣಿಯೊಬ್ಬನಿಗೂ ಇರುವ ನಂಟನ್ನು ಪತ್ರಿಕೆಯಲ್ಲಿ ಬರೆದೆನಲ್ಲ, ಈಗ ಯಾರು ಬರುತ್ತಾರೋ ತಿಳಿಯದು. ಇಲ್ಲಿಯವರಿಗೆ ನಾನೊಬ್ಬ ಅನುವಾದಕಿ. ಮಾತು ಕಡಿಮೆಯ ಹೆಂಗಸು ಎಂದು ಹೆಸರಾಗಿದ್ದೇನೆ, ನಗಬೇಡ.

ಮರುದಿನ ಅಂಗಡಿಯಿಂದ ಬರುತ್ತೇನೆ, ಪಕ್ಕದ ಮನೆಯ ಕೋಬುಸ್ ಅಜ್ಜನ ಬಾವುಟಕ್ಕೆ ಫೆನ್ನಳ ಚೀಲ! ಅವಳೇ ಹೋಗಿ ಕೊಟ್ಟಿದ್ದಾಳೆ. ಎದುರಿಗೆ ಒಂದು ಬೈಕು. ಹೆಲ್ಮೆಟ್ ತೆಗೆಯದ ಇಬ್ಬರು ಚೀಲದ ಫೋಟೋ ತೆಗೆದರು, ಆಮೇಲೆ ಅಜ್ಜನ ಬಾಗಿಲಿನದು. ಅವರು ಬೈಕು ತಿರುಗಿಸಿಕೊಂಡು ಹೋದರು.

ಅಜ್ಜನ ಬಾಗಿಲು ಬಡಿದೆ. "ಇಳಿಸಿ, ಈಗ್ಲೇ ಇಳಿಸಿ ಅದನ್ನ!"

"ಯಾಕಮ್ಮ? ಎಂಬತ್ತನೇ ವಯಸ್ಸಲ್ಲಿ ಕೋಬುಸ್ ಪಾಸಾದ ಅಂತ ಬೀದಿಯೋರೆಲ್ಲ ನಗ್ತಿದಾರೆ. ನಗ್ಲಿ ಬಿಡು, ಮಗು ಖುಷಿಯಾಗಿದೆ."

ನನ್ನ ಮುಖ ನೋಡಿ ಅವನ ನಗು ನಿಂತಿತು. ಹೋಗಿ ಏಣಿ ತಂದ.

ತಮಾಷೆಗೆ ತೆಗೆದಿರಬಹುದು ಎನ್ನುತ್ತಾನೆ ವಿಮ್. ಇರಬಹುದು. ಆದರೂ ಬೈಕಿನ ಸದ್ದಾದರೆ ಸಾಕು, ಓಡಿಹೋಗಿ ಅಜ್ಜನ ಬಾಗಿಲು ನೋಡುತ್ತೇನೆ. ನನ್ನ ಹೆಸರೂ ಸರಿಯಾಗಿ ಗೊತ್ತಿಲ್ಲದ ಮುದುಕ. ಅದೇ ನಮ್ಮ ಮನೆಯೆಂದುಕೊಂಡು ಅವರು ಅವನಿಗೇನಾದರೂ ಮಾಡಿದರೆ ನಾನು ಹೇಗೆ ಬದುಕಲಿ, ಅಕ್ಕ? ಹೆದರಿಕೆಯಾಗುತ್ತದೆ.

ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ಭಾವನಿಗೆ ನನ್ನ ನೆನಪು ಹೇಳು.

ನಿನ್ನ ತಂಗಿ,
ಹೆಸ್ಟರ್

ತಾ.ಕ.: ಇಷ್ಟೆಲ್ಲ ಗೀಚಿಯೂ ಬರೆಯಬೇಕಾದ್ದನ್ನು ಬರೆದಿಲ್ಲ. ಫೆನ್ನ ನಿಮ್ಮಲ್ಲಿಗೆ ಬರುತ್ತಾಳಂತೆ. ಇನ್ನು ಮೇಲೆ ನನ್ನದಲ್ಲ, ಅವಳಪ್ಪನ ಮನೆತನದ ಹೆಸರೇ ಅವಳ ಹೆಸರು. ಇಟ್ಟುಕೊಳ್ಳುತ್ತೀಯಲ್ಲ? ಆಗಾಗ ನಾನೂ ಬಂದು ನೋಡಿಕೊಂಡು ಹೋಗುತ್ತೇನೆ ಎಂದು ಅವಳಿಗೆ ಹೇಳಿದೆ. ಬಟ್ಟೆ ಮಡಚುತ್ತಲೇ ಹೇಳಿದಳು: "ನೀನು ಬರ್ಬೇಡಮ್ಮ. ನೀನು ಬಂದ್ರೆ ನಿನ್ನ ಹಿಂದೇನೇ ಅವರೂ ಬರ್ತಾರೆ."