ಬಾಯಿಪಾಠ ಮಾಡಿದ ಖುಷಿ

ಜೂನ್ 9, ಸೋಮವಾರ. ಸಂಜೆ, ಕಮಲಾಪುರ

ಬಸ್ಸು ಇವತ್ತೂ ತಡ. ಕಲಬುರಗಿಯಿಂದ ಇಲ್ಲಿಯವರೆಗೆ ನಿಂತೇ ಬಂದೆ. ಕಾಲು ಊದಿವೆ. ಆದರೆ ಸಿಟ್ಟು ಬಸ್ಸಿನ ಮೇಲಲ್ಲ, ಸ್ಕೂಲಿನ ಸೆಕ್ರೆಟರಿ ಮೇಲೆ.

ಸ್ಟಾಫ್ ಮೀಟಿಂಗಿನಲ್ಲಿ ಹೇಳಿದ — ಈ ವರ್ಷದಿಂದ ಕನ್ನಡದ ಪಿರಿಯಡ್ ಕಡಿಮೆ. ಆ ಜಾಗಕ್ಕೆ ‘ಹ್ಯಾಪಿನೆಸ್ ಪಿರಿಯಡ್’. ಮಕ್ಕಳು ಕಣ್ಣು ಮುಚ್ಚಿ ಕೂರಬೇಕು. ಮನಸ್ಸು ಎಲ್ಲೆಲ್ಲಿ ಅಲೆಯಿತು ಅಂತ ಹೇಳಬೇಕು. ಖುಷಿಯ ಬಗ್ಗೆ ಮಾತಾಡಬೇಕು. ಎಲ್ಲ ಇಂಗ್ಲಿಷಿನಲ್ಲಿ. ಕಲಿಸುವವಳು? ಪಿರಿಯಡ್ ಕಳೆದುಕೊಂಡ ನಾನೇ. ಜುಲೈ ಮೊದಲ ವಾರ ಕಮಿಟಿ ಮುಂದೆ ಡೆಮೊ. ಪಾಸಾದರೆ ಪೂರ್ತಿ ನೌಕರಿ. ಫೇಲಾದರೆ ಅರ್ಧ ದಿನದ ಟೀಚರ್.

ಇಷ್ಟು ವರ್ಷ ವಚನ, ವ್ಯಾಕರಣ, ಹಳಗನ್ನಡ ಕಲಿಸಿದವಳಿಗೆ ಈಗ ಖುಷಿಯಲ್ಲಿ ಪರೀಕ್ಷೆ. ಖುಷಿ ಕಲಿಸು, ಇಲ್ಲದಿದ್ದರೆ ನೋಡು ಅಂತ ಹೆದರಿಸುತ್ತಾರೆ. ಇವರ ಬಾಯಿಗೆ ಮಣ್ಣು ಹಾಕ!

ಮನೆಗೆ ಬಂದು ಗಂಡನಿಗೆ ಹೇಳಿದೆ. ಕೆಂಪು ಬಾಳೆಯ ಗೊನೆ ಇಳಿಸುತ್ತಿದ್ದವರು ಇಳಿಸುತ್ತಲೇ ನಕ್ಕರು. “ಸಿಟ್ಟಿಂದೊಂದು ಪಿರಿಯಡ್ ಇದ್ದಿದ್ರ ಶೀಲಾ, ನೀನ ಹೆಡ್‌ಮಿಸ್ ಆಗ್ತಿದ್ದಿ.” ಊಟಕ್ಕೆ ಬಡಿಸಿದೆ. ಮಾತು ಬಿಟ್ಟಿದ್ದೇನೆ.

ಜೂನ್ 12, ಗುರುವಾರ

ನನಗೆ ಕಲಿಸಲು ಆಸ್ಫಿಯಾಳನ್ನು ಗಂಟುಹಾಕಿದ್ದಾರೆ. ಇಂಗ್ಲಿಷ್ ಟೀಚರ್. ಹೋದ ವರ್ಷ ಸೇರಿದವಳು, ಇನ್ನೂ ಟೆಂಪರರಿ. ಕಲಬುರಗಿಯ ಮೋಮಿನಪುರದ ಹುಡುಗಿ. ನನಗೆ ಮಗಳಿದ್ದರೆ ಆ ವಯಸ್ಸಿನವಳೇ ಇರುತ್ತಿದ್ದಳು. ಅವಳ ಮುಂದೆ ನಾನು ಸ್ಲೇಟು ಹಿಡಿದು ಕೂರಬೇಕು.

ಊಟದ ಬಿಡುವಿನಲ್ಲಿ ಲೈಬ್ರರಿ. ಹ್ಯಾಪಿ ಅಂದರೆ ಸಾಲದಂತೆ. ಕಂಟೆಂಟ್ — ಇದ್ದದ್ದರಲ್ಲಿ ಸಮಾಧಾನ. ಚಿಯರ್‌ಫುಲ್ — ಮುಖದಲ್ಲೇ ಕಾಣುವುದು. ಓವರ್ ದಿ ಮೂನ್ — ಚಂದ್ರನನ್ನೂ ದಾಟಿ ಹೋಗಬೇಕು. ನಮ್ಮ ಕಡೆ ಸ್ವರ್ಗಕ್ಕೆ ಮೂರೇ ಗೇಣು ಅಂದರೆ ಮುಗಿಯಿತು, ಇವರಿಗೆ ಅಷ್ಟು ದೂರ ಯಾಕೋ. ಮೈಂಡ್ ವಾಂಡರಿಂಗ್ — ಮನಸ್ಸು ಅಲೆಯುವುದು. ಝೋನ್ ಔಟ್ — ಮೈ ಇಲ್ಲಿ, ಮನಸ್ಸು ಎಲ್ಲೂ ಇಲ್ಲ. ಎಂಟನೇ ತರಗತಿಯ ಕೊನೆಯ ಬೆಂಚು ಪೂರ್ತಿ ಅದೇ.

‘ಹ್ಯಾಪಿನೆಸ್ಸು’ ಅಂದೆ. “ಕೊನೀಗೆ ಉ ಹಚ್ಚಬ್ಯಾಡ್ರಿ ಮೇಡಂ” ಅಂದಳು. ಕನ್ನಡದವಳು ಉ ಹಚ್ಚದೆ ಮತ್ತೇನು ಹಚ್ಚಲಿ?

ಆಮೇಲೆ ಕೇಳಿದಳು — ಕೊನೆಯ ಸಲ ಯಾವಾಗ ಖುಷಿಯಾಗಿದ್ದಿರಿ, ಮೊದಲು ಕನ್ನಡದಲ್ಲೇ ಹೇಳಿ, ಇಂಗ್ಲಿಷ್ ನಂತರ ಮಾಡೋಣ ಅಂತ. ಯೋಚಿಸಿದೆ. ಏನೂ ಹೊಳೆಯಲಿಲ್ಲ. ನಿಜವಾಗಿ ಏನೂ ಇಲ್ಲ. ಅದಕ್ಕೇ ಸಿಟ್ಟು ನೆತ್ತಿಗೇರಿತು. ಅದೆಲ್ಲ ನಿನಗ್ಯಾಕೆ ಅಂತ ರೇಗಿ ಎದ್ದು ಬಂದೆ. ಪಾಪ, ಡಬ್ಬಿಯ ಊಟ ಅವಳು ಇನ್ನೂ ಮುಟ್ಟಿರಲಿಲ್ಲ.

ಜೂನ್ 17, ಮಂಗಳವಾರ

ಹುಡುಗಿ ಮುನಿಸಿಕೊಂಡಿಲ್ಲ. ವಾಟ್ಸಾಪಿನಲ್ಲಿ ವಾಯ್ಸ್ ನೋಟ್ ಕಳಿಸಿದ್ದಾಳೆ — ಮಾದರಿಗೆ ಅವಳದೇ ಖುಷಿ. ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಕೂತೆ. ಇವತ್ತು ಕಿಟಕಿ ಸಿಕ್ಕಿತ್ತು.

ಅವಳ ಅಜ್ಜಿ ಇಮಾಮಬಿ ಮಾಳಿಗೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳಂತೆ, ಹಳೇ ಸೀರೆಯ ತುಂಡು ಜೋಡಿಸಿ. ಚಿಕ್ಕ ಆಸ್ಫಿಯಾ ಅದರ ಕೆಳಗೆ ತೂರಿಕೊಳ್ಳುತ್ತಿದ್ದಳು. ಬಿಸಿಲು ಬಟ್ಟೆಯಿಂದ ಇಳಿದು ಒಂದು ಕೈ ಕೆಂಪು, ಒಂದು ಕೈ ಹಸಿರು. ಮೇಲೆ ಅಜ್ಜಿಯ ಕೈ ಸರಿದಾಡುವುದು ನೆರಳಾಗಿ ಕಾಣುತ್ತಿತ್ತು. ನನ್ನ ಮನಸ್ಸು ಅಲೆದಾಗೆಲ್ಲ ಆ ಕೌದಿಯ ಕೆಳಗೇ ಹೋಗುತ್ತದೆ ಅಂತ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಇಂಗ್ಲಿಷ್ ಅಂತ ಅನಿಸಲೇ ಇಲ್ಲ, ಎಲ್ಲ ತಿಳಿಯಿತು. ಕೊನೆಗೆ ಕನ್ನಡದಲ್ಲಿ — “ಇದು ಬರೇ ಮಾದರಿ ರೀ ಮೇಡಂ. ನಿಮ್ಮದು ನೀವ ಹೇಳಬೇಕು.”

ಮತ್ತೆ ಕೇಳಿದೆ, ಇನ್ನೊಮ್ಮೆ ಕೇಳಿದೆ. ತಲೆ ಎತ್ತಿದರೆ ಕಮಲಾಪುರ ಹಿಂದೆ ಹೋಗಿದೆ, ಬಸ್ಸು ಹುಮನಾಬಾದ ರಸ್ತೆಯಲ್ಲಿ. ಕಂಡಕ್ಟರ್ ಬೈದ. ಇಳಿದು ವಾಪಸು ಬರುವ ಬಸ್ಸಿಗೆ ಕಾದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಜೂನ್ 28, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಬಾಯಿಪಾಠದ ಗಲಾಟೆ.

ನನ್ನದೇ ಒಂದು ಖುಷಿ ಬರೆದುಕೊಂಡೆ — ತೋಟದಲ್ಲಿ ಮೊದಲ ಗೊನೆ ಕಡಿದ ದಿನ. ಆಸ್ಫಿಯಾ ಇಂಗ್ಲಿಷ್ ತಿದ್ದಿ ಕೊಟ್ಟಳು. ಕನ್ನಡ ಅಕ್ಷರದಲ್ಲಿ ಬರೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ರೊಟ್ಟಿ ಬಡಿಯುತ್ತಾ ಹೇಳುತ್ತೇನೆ. ಅದು ನಾಲಿಗೆಯಲ್ಲಿ ನಿಲ್ಲುವುದಿಲ್ಲ. ಯಾಕೆಂದರೆ ಅದು ಸುಳ್ಳು. ಆ ದಿನ ಗಂಡನ ಜೊತೆ ಜಗಳವಾಡಿದ್ದು ಬಿಟ್ಟು ಬೇರೇನೂ ನೆನಪಿಲ್ಲ.

ಕೇಳಿ ಕೇಳಿ ಆಸ್ಫಿಯಾಳದು ಮಾತ್ರ ಕೂತುಬಿಟ್ಟಿದೆ. ಎಲ್ಲಿ ಉಸಿರು ತಗೊಳ್ಳುತ್ತಾಳೆ ಅನ್ನುವುದೂ ಸೇರಿ. ನಾವು ಕನ್ನಡ ಮೀಡಿಯಂನವರು ಕಲಿತದ್ದೇ ಹಾಗೆ — ಗೈಡ್ ತೆರೆ, ಕಣ್ಣು ಮುಚ್ಚು, ಒಪ್ಪಿಸು. ಮಕ್ಕಳಿಗೂ ಹಾಗೇ ಕಲಿಸಿದ್ದೇನೆ.

ಜುಲೈ 4, ಶುಕ್ರವಾರ

ಪಾಸು.

ಹೆಂಗಾಯಿತೆಂದು ಬರೆಯಲು ಕೈ ಬರುವುದಿಲ್ಲ. ಶಬ್ದಗಳು, ಕಣ್ಣು ಮುಚ್ಚಿಸುವುದು, ಎಲ್ಲ ಸರಿಯಾಗಿಯೇ ನಡೆದಿತ್ತು. ಸೆಕ್ರೆಟರಿ ನಡುವೆ ಬಾಯಿ ಹಾಕಿದ — ನೀವು ಯಾವಾಗ ಖುಷಿಯಾಗಿದ್ದಿರಿ ಮೇಡಂ, ಇಂಗ್ಲಿಷಿನಲ್ಲಿ ಹೇಳಿ. ಬಾಳೆಗೊನೆ ಹಾರಿಹೋಯಿತು. ತಲೆ ಖಾಲಿ. ಬಾಯಿ ತಾನೇ ತೆರೆಯಿತು. ಮಾಳಿಗೆ, ಕೌದಿ, ಕೆಂಪು ಕೈ, ಹಸಿರು ಕೈ. ಮೈ ಗ್ರ್ಯಾಂಡ್‌ಮದರ್ ಅಂದೆ. ನಿಲ್ಲಿಸಲು ಆಗಲಿಲ್ಲ. ನಿಲ್ಲಿಸಲಿಲ್ಲ ಅಂತಲೇ ಬರೆಯಬೇಕು.

ಕಮಿಟಿಯ ಒಬ್ಬ ಹೆಂಗಸು ಕಣ್ಣು ಒರೆಸಿಕೊಂಡಳು. ಎಲ್ಲರೂ ಚಪ್ಪಾಳೆ. ಹಿಂದಿನ ಕುರ್ಚಿಯಲ್ಲಿ ಆಸ್ಫಿಯಾ ಇದ್ದಳು. ಅವಳೂ ತಟ್ಟಿದಳು, ನೆಲ ನೋಡುತ್ತಾ.

ಉಂಡ ಮನೆಯ ಜಂತಿ ಎಣಿಸಿದೆ. ಹೊರಗೆ ಬಂದು ಅವಳ ಕೈ ಹಿಡಿದೆ. ಅವಳೇ ಅಂದಳು — “ಇರ್ಲಿ ಬಿಡ್ರಿ ಮೇಡಂ. ಕೌದಿ ದೊಡ್ಡದದ. ಇಬ್ಬರಿಗೂ ಸಾಲ್ತದ.”

ಜುಲೈ 16, ಬುಧವಾರ

ಆಸ್ಫಿಯಾಳ ಕುರ್ಚಿ ಖಾಲಿ. ಹುಷಾರಿಲ್ಲವೇನೋ ಅಂದುಕೊಂಡೆ. ಪ್ಯೂನ್ ಹುಸೇನ ಮೆಲ್ಲಗೆ ಹೇಳಿದ — ನಿನ್ನೆ ಸಂಜೆ ಬರಬೇಡ ಅಂದುಬಿಟ್ಟರಂತೆ.

ಸೀದಾ ಸೆಕ್ರೆಟರಿ ಹತ್ತಿರ ಹೋದೆ. ಅವನು ಚಹಾ ಕುಡಿಯುತ್ತಿದ್ದ. “ಈಗ ನೀವ ಇಂಗ್ಲಿಷಿನಾಗ ಮಾಡ್ತೀರಲ್ರಿ ಮೇಡಂ. ಮತ್ತ ಇನ್ನೊಬ್ಬಾಕಿ ಯಾಕ?” ಕೊನೆಗೆ ನಕ್ಕು, ಬಿ ಹ್ಯಾಪಿ ಅಂದ.

ಇದು ಮೊದಲಿನಿಂದ ಇದ್ದ ಲೆಕ್ಕಾಚಾರ. ಇಬ್ಬರಲ್ಲಿ ಒಬ್ಬಳು ಸಾಕು. ಒಬ್ಬಳ ಕೈಯಲ್ಲೇ ಇನ್ನೊಬ್ಬಳನ್ನು ತಯಾರು ಮಾಡಿಸಿದರು. ಹತ್ತಿದ ಏಣಿ ಒದೆಯುವುದು ಅಂತ ನುಡಿಗಟ್ಟು ಕಲಿಸುತ್ತೇನೆ ನಾನು, ವಾಕ್ಯದಲ್ಲಿ ಬಳಸಿ ಅಂತ ಅಂಕ ಕೊಡುತ್ತೇನೆ. ಒದ್ದವರು ಅವರು. ಹತ್ತಿ ಕೂತವಳು ನಾನು.

ಅವನ ಮುಂದೆ ಏನಂದೆ? ಹೂಂ ಅಂದೆ. ಮನೆಯಲ್ಲಿ ಗಂಡನ ಮೇಲೆ, ಬಸ್ಸಿನಲ್ಲಿ ಕಂಡಕ್ಟರ್ ಮೇಲೆ ಹರಿಹಾಯುವ ನಾನು ಅಲ್ಲಿ ಹೂಂ ಅಂದು ಬಾಗಿಲು ಹಾಕಿಕೊಂಡು ಬಂದೆ. ಹೋಗಿ ಹ್ಯಾಪಿನೆಸ್ ಪಿರಿಯಡ್ ತೆಗೆದುಕೊಂಡೆ. ಥೂ.

ಜುಲೈ 20, ರವಿವಾರ

ಒಂದು ಚಿಪ್ಪು ಕೆಂಪು ಬಾಳೆ ಹಿಡಿದು ಮೋಮಿನಪುರಕ್ಕೆ ಹೋದೆ. ಮಸೀದಿಯ ಹಿಂದಿನ ಗಲ್ಲಿ. ಕಡಿದಾದ ಮೆಟ್ಟಿಲು. ಮಾಳಿಗೆಯ ಮೇಲೆ ಇಮಾಮಬಿ ಈಗಲೂ ಕೌದಿ ಹೊಲಿಯುತ್ತಾಳೆ. ಕಣ್ಣು ಮಂದ. ಸೂಜಿಗೆ ದಾರ ಪೋಣಿಸಿ ಕೊಡುವವಳು ಆಸ್ಫಿಯಾ.

ನೇರ ಕೇಳಿದೆ — ಒಬ್ಬಳನ್ನೇ ಇಟ್ಟುಕೊಳ್ಳುತ್ತಾರೆ ಅಂತ ನಿನಗೆ ಮೊದಲೇ ಗೊತ್ತಿತ್ತೇನು?

“ಗೊತ್ತಿತ್ರಿ. ನೀವು ಫೇಲಾಗಿದ್ರ ಆ ಪಿರಿಯಡ್ ನನಗ ಬರ್ತಿತ್ತು. ಪರ್ಮನೆಂಟೂ ಮಾಡ್ತಿದ್ರು.”

“ಮತ್ತ್ಯಾಕ ಕಲಿಸಿದಿ?”

“ಕಲಿಸು ಅಂದ್ರು, ಕಲಿಸಿದೆ. ತಪ್ಪು ಕಲಿಸಾಕ ಬರಂಗಿಲ್ರಿ ನನಗ.”

ಹುಚ್ಚಿ ಅಂತ ಬೈದೆ. ಅಜ್ಜಿಯ ಮುಂದೆಯೇ ಬೈದೆ. ಅಳುವೂ ಬಂತು. ಖುಷಿಯ ಶಬ್ದ ಸಾಕು, ಸಿಟ್ಟಿನ ಇಂಗ್ಲಿಷ್ ಕಲಿಸು ಅಂದೆ. ನಕ್ಕು ಕಲಿಸಿದಳು. ಅನಾಯ್ಡ್ — ಕಿರಿಕಿರಿ. ಔಟ್‌ರೇಜ್ಡ್ — ಅನ್ಯಾಯ ಕಂಡಾಗ. ಫ್ಯೂರಿಯಸ್ — ಕೆಂಡಾಮಂಡಲ. ಆಮೇಲೆ, ಇವನ್ನು ಅಲ್ಲಿ ಹೇಳಬೇಡಿ, ನಿಮ್ಮ ನೌಕರಿಗೂ ಕುತ್ತು ಬರುತ್ತದೆ ಅಂತ ಬೇಡಿಕೊಂಡಳು. ಇಮಾಮಬಿಗೆ ನಮ್ಮ ಜಗಳ ಎಷ್ಟು ತಿಳಿಯಿತೋ. ನನ್ನ ಕಣ್ಣಿಗೆ ಬಿಸಿಲು ಹೊಡೆಯುತ್ತಿದೆ ಅಂದುಕೊಂಡು ಕೌದಿಯ ಅಂಚನ್ನು ನನ್ನ ತಲೆಯ ಮೇಲೆ ಎಳೆದಳು.

ವಾಪಸು ಬಸ್ಸಿನಲ್ಲಿ ಹೊಳೆಯಿತು, ಕೊನೆಯ ಸಲ ಯಾವಾಗ ಖುಷಿಯಾಗಿದ್ದೆ ಅಂತ. ಕಮಲಾಪುರ ದಾಟಿ ಹೋದ ಆ ದಿನ. ಕಿವಿಯಲ್ಲಿ ಈ ಹುಡುಗಿಯ ದನಿ. ಈ ವಯಸ್ಸಿನಲ್ಲಿ ಹೊಸದೇನೋ ತಲೆಗೆ ಹತ್ತಿದ ಖುಷಿ. ಅದು ನನ್ನದು. ಅದನ್ನು ಕೊಟ್ಟವಳನ್ನೇ ತೆಗೆದು ಹಾಕಿದ್ದಾರೆ.

ಜುಲೈ 21, ಸೋಮವಾರ. ಬೆಳಿಗ್ಗೆ, ಆಫೀಸಿನ ಹೊರಗಿನ ಬೆಂಚು

ಇವತ್ತು ಕಮಿಟಿ ಕೂತಿದೆ. ಆಸ್ಫಿಯಾಳನ್ನು ವಾಪಸು ತೆಗೆದುಕೊಳ್ಳಿ ಅಂತ ಕೇಳಲು ಭೇಟಿಗೆ ಹೆಸರು ಕೊಟ್ಟಿದ್ದೇನೆ.

ಗಂಡನಿಗೆ ಹೇಳಿಯೇ ಬಂದೆ — ನಿಜ ಹೇಳಿದರೆ ಡೆಮೊ ರದ್ದಾಗಬಹುದು, ಅರ್ಧ ನೌಕರಿ ಆಗಬಹುದು. ಸಿಟ್ಟಿನ ಕೈಗೆ ಬುದ್ಧಿ ಕೊಡಬೇಡ ಅಂದರು. ಸಿಟ್ಟಿಗೂ ಒಂದಿಷ್ಟು ಬುದ್ಧಿ ಇರುತ್ತದೆ ಅಂದೆ. “ಹೋಗ್ಲಿ. ಅರ್ಧ ದಿನ ಸಾಲಿ, ಅರ್ಧ ದಿನ ನನಗ ಬೈಯ್ಯಾಕ” ಅಂದರು. ಬುತ್ತಿಯನ್ನು ಅವರೇ ಕಟ್ಟಿ ಕೊಟ್ಟರು.

ಬಸ್ಸಿನಲ್ಲಿ ಇಂಗ್ಲಿಷಿನ ಮಾತು ಎಲ್ಲ ಜೋಡಿಸಿಕೊಂಡಿದ್ದೆ. ಇಲ್ಲಿ ಕೂತ ಮೇಲೆ ಒಂದೂ ನೆನಪಿಲ್ಲ. ಫ್ಯೂರಿಯಸ್ಸು ಮಾತ್ರ ಉಳಿದಿದೆ. ಉ ಹಚ್ಚಿಯೇ ಹೇಳುತ್ತೇನೆ. ಉಳಿದದ್ದೆಲ್ಲ ಕನ್ನಡದಲ್ಲಿ.

ಹುಸೇನ ಬಾಗಿಲು ತೆರೆದ. ಕೂಗಿದ್ದು ನನ್ನ ಹೆಸರೇ. ಮೊದಲು ಹೇಳಬೇಕಾದದ್ದು ಇದು — ಆ ಕೌದಿ ನನ್ನದಲ್ಲ, ಆಸ್ಫಿಯಾಳದು. ನೀವು ಚಪ್ಪಾಳೆ ತಟ್ಟಿದ್ದು ಅವಳಿಗೆ. ಆಮೇಲೆ—